ಇಳಿದು ಬರಲು ಎಷ್ಟು ಹೊತ್ತು? ಡೌನ್‌ಲೋಡಿನ ಬಾಯಿಲೆಕ್ಕ

(ಕನ್ನಡದ ಹಳೆಯ ಪತ್ರಿಕೆಗಳನ್ನೂ ಧ್ವನಿಮುದ್ರಣಗಳನ್ನೂ ಡಿಜಿಟಲ್ ರೂಪಕ್ಕೆ ತರುತ್ತಿರುವ ಮುಂಬೈಯ ಸ್ವಯಂಸೇವಕರ ಮುಂದೆ ಮಾಟುಂಗಾದಲ್ಲಿ ಆಡಿದ ಮಾತುಗಳ ಬರಹ ರೂಪ.)

ಸಭಿಕರೇ,

ನೂರು ಎಂಬಿಪಿಎಸ್ ಸಂಪರ್ಕವಿರುವ ಮನೆಯಲ್ಲಿ ಒಂದು ಜಿಬಿಯ ಫೈಲು ಇಳಿದು ಬರಲು ಎಷ್ಟು ಹೊತ್ತು ಬೇಕು? ಸಭೆ ಆರಂಭವಾಗುವ ಮುನ್ನ ಮುಂದಿನ ಸಾಲಿನಲ್ಲಿ ಕುಳಿತವರನ್ನು ಕೇಳಿದೆ. ಹತ್ತು ಸೆಕೆಂಡು ಎಂದರು ಒಬ್ಬರು. ಅರ್ಧ ಗಂಟೆಯಾದರೂ ಬೇಕು ಎಂದರು ಪಕ್ಕದವರು. ‘ಅದೆಲ್ಲ ನೆಟ್ಟಿನ ಮರ್ಜಿ’ ಎಂದು ಮೂರನೆಯವರು ಕೈಚೆಲ್ಲಿದರು. ಮೂವರೂ ಲೆಕ್ಕದಲ್ಲಿ ಪಳಗಿದವರೇ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇನ್ನೊಬ್ಬರು ಹೋಟೆಲಿನ ಗಲ್ಲಾದಲ್ಲಿ ಕುಳಿತು ಹತ್ತು ಮೇಜಿನ ಬಿಲ್ಲನ್ನು ಕಾಗದವಿಲ್ಲದೆ ಕೂಡಿಸಬಲ್ಲವರು. ಅಂಥವರೂ ಈ ಒಂದು ಲೆಕ್ಕದ ಮುಂದೆ ಕೈಚೆಲ್ಲಬೇಕಾಗಿಲ್ಲ. ಉತ್ತರ ಸುಮಾರು ನೂರು ಸೆಕೆಂಡು. ಅದು ಹೇಗೆ ಎಂದು ತಿಳಿದರೆ ಉಳಿದ ಎಲ್ಲ ವೇಗಗಳ, ಎಲ್ಲ ಗಾತ್ರಗಳ ಉತ್ತರವೂ ಬಾಯಿಲೆಕ್ಕದಲ್ಲೇ ಸಿಗುತ್ತದೆ.

ನಮ್ಮ ಕೆಲಸಕ್ಕೆ ಈ ಲೆಕ್ಕ ಏಕೆ ಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಫೈಲುಗಳನ್ನು ಇಳಿಸಿಕೊಳ್ಳುವವರು ಮಾತ್ರವಲ್ಲ, ಕಳಿಸುವವರೂ ಹೌದು. ಡೊಂಬಿವಲಿಯಲ್ಲಿ ಸ್ಕ್ಯಾನ್ ಆದ ಸಂಚಿಕೆಯನ್ನು ಮೀರಾ ರೋಡಿನಲ್ಲಿ ಒಬ್ಬರು ತಿದ್ದುತ್ತಾರೆ, ಉಡುಪಿಯಲ್ಲಿ ಇನ್ನೊಬ್ಬರು ಓದುತ್ತಾರೆ. ಕಳಿಸುವ ಗುಂಡಿ ಒತ್ತಲು ನಮಗೆ ಅರೆ ಕ್ಷಣ ಸಾಕು. ಆ ತುದಿಯಲ್ಲಿ ಕಾಯುವವರ ಹೊತ್ತು ನಮಗೆ ಕಾಣುವುದಿಲ್ಲ. ಕಾಣದ ಆ ಹೊತ್ತನ್ನು ಕಾಣಿಸುವುದೇ ಈ ಲೆಕ್ಕದ ಉಪಯೋಗ. ಅದನ್ನು ಹಾಕಬೇಕಾದವರು ಪಡೆಯುವವರಲ್ಲ, ಕಳಿಸುವವರು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಲೆಕ್ಕಕ್ಕೆ ಬರೋಣ. ಹತ್ತು ಸೆಕೆಂಡು ಎಂದವರು ಒಂದು ಜಿಬಿಯನ್ನು (ಗಿಗಾಬೈಟ್) ಸಾವಿರ ಎಂಬಿ (ಮೆಗಾಬೈಟ್) ಎಂದು ಹಿಡಿದು ನೂರರಿಂದ ಭಾಗಿಸಿದ್ದರು. ಭಾಗಾಕಾರ ಸರಿಯೇ, ಆದರೆ ಅಳತೆಗಳು ಬೇರೆ ಬೇರೆ. ಫೈಲಿನ ಗಾತ್ರವನ್ನು ಬೈಟುಗಳಲ್ಲಿ ಹೇಳುತ್ತಾರೆ, ಸಂಪರ್ಕದ ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಒಂದೇ ಅಂಕೆ. ಅಂಥ ಎಂಟು ಬಿಟ್ಟುಗಳು ಸೇರಿದರೆ ಒಂದು ಬೈಟು. ಇಂಗ್ಲಿಷಿನಲ್ಲಿ ಬರೆಯುವಾಗ ಬೈಟಿಗೆ ದೊಡ್ಡಕ್ಷರದ ಬಿ, ಬಿಟ್ಟಿಗೆ ಚಿಕ್ಕಕ್ಷರದ ಬಿ. ಜಾಹೀರಾತಿನ ಫಲಕದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಟ್ಟಿನ ಲೆಕ್ಕವನ್ನು ಸಂವಹನದ ಗಣಿತಕ್ಕೆ ತಳಪಾಯವಾಗಿ ಹಾಕಿಕೊಟ್ಟದ್ದು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧ. ಬೈಟು ಬಂದದ್ದು ಕಂಪ್ಯೂಟರಿನ ಒಳಗಿನಿಂದ. 1956ರಲ್ಲಿ ಐಬಿಎಂನ ವರ್ನರ್ ಬುಖೋಲ್ಟ್ಸ್ ಆ ಹೆಸರನ್ನಿಟ್ಟರು. ತಂತಿಯ ಕಡೆಯವರು ಒಂದೊಂದು ಬಿಟ್ಟನ್ನೂ ಎಣಿಸುತ್ತಾ ಬಂದರು, ಯಂತ್ರದ ಕಡೆಯವರು ಬಿಟ್ಟುಗಳ ಕಟ್ಟುಗಳನ್ನು ಎಣಿಸುತ್ತಾ ಬಂದರು. ಎರಡೂ ರೂಢಿಗಳು ಇಂದಿಗೂ ಅಕ್ಕಪಕ್ಕದಲ್ಲೇ ನಡೆಯುತ್ತಿವೆ.

ಆದ್ದರಿಂದ ನೂರು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ನೂರು ಮೆಗಾಬಿಟ್, ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಆ ಲೆಕ್ಕದಲ್ಲಿ ಒಂದು ಜಿಬಿಗೆ 80 ಸೆಕೆಂಡು ಬೇಕು. ಆದರೆ ದತ್ತಾಂಶ ಬರಿಗೈಯಲ್ಲಿ ಪ್ರಯಾಣ ಮಾಡುವುದಿಲ್ಲ. ಫೈಲನ್ನು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು, ಪ್ರತಿಯೊಂದಕ್ಕೂ ಎಲ್ಲಿಂದ, ಎಲ್ಲಿಗೆ, ಎಷ್ಟನೆಯದು ಎಂಬ ವಿವರ ಅಂಟಿಸಬೇಕಾಗುತ್ತದೆ. ಸಾಮಾನ್ಯವಾದ ಈಥರ್ನೆಟ್ ಜಾಲದಲ್ಲಿ ಫೈಲಿನ 1460 ಬೈಟುಗಳನ್ನು ಸಾಗಿಸಲು ತಂತಿಯ ಮೇಲೆ 1538 ಬೈಟುಗಳ ಜಾಗ ಬೇಕು. ಅಲ್ಲಿಗೆ ನೂರಕ್ಕೆ ಐದು ಪಾಲು ಹೋಯಿತು. ವೈಫೈ, ಮಧ್ಯೆ ಕಳೆದುಹೋಗಿ ಮತ್ತೆ ಬರಬೇಕಾದ ಪ್ಯಾಕೆಟ್‌ಗಳು, ಆರಂಭದ ಮಾತುಕತೆ ಎಂದು ಇನ್ನಷ್ಟು ಹೋಗುತ್ತದೆ. ಹಾಗಾಗಿ ಎಂಟರಿಂದ ಭಾಗಿಸುವ ಬದಲು ಹತ್ತರಿಂದ ಭಾಗಿಸಿಬಿಡಿ. ಲೆಕ್ಕವೂ ಸುಲಭ, ಉತ್ತರವೂ ನಿಜಕ್ಕೆ ಹತ್ತಿರ. ನೂರು ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹತ್ತು ಎಂಬಿ, ನಲವತ್ತರಲ್ಲಿ ನಾಲ್ಕು, ಮುನ್ನೂರರಲ್ಲಿ ಮೂವತ್ತು. ಫೈಲಿನ ಎಂಬಿಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸೆಕೆಂಡುಗಳು ಬಂದವು. ಒಂದು ಜಿಬಿಗೆ ನಲವತ್ತು ಎಂಬಿಪಿಎಸ್‌ನಲ್ಲಿ 250 ಸೆಕೆಂಡು, ಅಂದರೆ ನಾಲ್ಕು ನಿಮಿಷ ದಾಟುತ್ತದೆ. ಹತ್ತು ಎಂಬಿಪಿಎಸ್‌ನಲ್ಲಿ ಸಾವಿರ ಸೆಕೆಂಡು, ಹದಿನೇಳು ನಿಮಿಷ.

ಒಂದು ಸಣ್ಣ ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಒಂದು ಟಿಬಿ, ಅಂದರೆ ಸಾವಿರ ಜಿಬಿ, ಎಂದು ಕೊಂಡ ಹಾರ್ಡ್‌ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ಡಿಸ್ಕ್ ಮಾಡಿದವರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಿಬಿಯ ಮಟ್ಟದಲ್ಲಿ ಇದರ ವ್ಯತ್ಯಾಸ ನೂರಕ್ಕೆ ಏಳು. ಹತ್ತರ ಭಾಗಾಕಾರದಲ್ಲಿ ಅದೂ ಹೆಚ್ಚುಕಡಿಮೆ ಅಡಗಿಹೋಗುತ್ತದೆ.

ಈ ಲೆಕ್ಕವನ್ನು ಹಿಂದಕ್ಕೂ ಓಡಿಸಿ ನೋಡಬಹುದು. ಅದು ನನಗೆ ಬಹಳ ಪ್ರಿಯವಾದ ಭಾಗ, ಏಕೆಂದರೆ ಆ ಕಥೆಯಲ್ಲಿ ನಮ್ಮ ಊರಿಗೂ ಪಾಲಿದೆ. ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಕೊಟ್ಟದ್ದು ಮುಂಬೈಯಲ್ಲೇ ಕೇಂದ್ರ ಕಚೇರಿಯಿದ್ದ ವಿದೇಶ ಸಂಚಾರ ನಿಗಮ. ದೂರವಾಣಿ ತಂತಿಯ ಮೇಲೆ ಮೋಡೆಮ್ ಕಿರುಗುಟ್ಟಿಸಿ ಸಂಪರ್ಕ ಸಾಧಿಸಬೇಕಿದ್ದ ಆ ದಿನಗಳಲ್ಲಿ ವೇಗ ಸೆಕೆಂಡಿಗೆ 9.6 ಕಿಲೋಬಿಟ್, ಅಂದರೆ 9600 ಬಿಟ್, ಇದ್ದರೆ, ಐದು ಎಂಬಿಯ ಒಂದು ಹಾಡಿಗೆ ಶುದ್ಧ ಗಣಿತದಲ್ಲೇ 69 ನಿಮಿಷ ಬೇಕು. ಹಾಡು ಐದು ನಿಮಿಷದ್ದು, ಕಾಯುವುದು ಒಂದು ಗಂಟೆಯ ಮೇಲೆ. ಒಂದು ಜಿಬಿಗಾದರೋ ಒಂಬತ್ತೂವರೆ ದಿನಕ್ಕಿಂತ ಹೆಚ್ಚು, ತಂತಿ ಒಮ್ಮೆಯೂ ಕಡಿಯದೆ ಇದ್ದರೆ. ನಂತರ ಬಂದ 56 ಕಿಲೋಬಿಟ್ಟಿನ ಮೋಡೆಮ್ ಅದೇ ಹಾಡನ್ನು ಹನ್ನೆರಡು ನಿಮಿಷಕ್ಕೆ ಇಳಿಸಿತು.

ಸರ್ಕಾರ ಯಾವುದನ್ನು ‘ಬ್ರಾಡ್‌ಬ್ಯಾಂಡ್’ ಎಂದು ಕರೆಯಬಹುದು ಎಂದು ವಿಧಿಸಿದ ಕನಿಷ್ಠ ವೇಗಗಳನ್ನೂ ಇದೇ ತಕ್ಕಡಿಗೆ ಹಾಕಿ ನೋಡಿ. 2004ರ ನೀತಿಯಲ್ಲಿ ಅದು 256 ಕಿಲೋಬಿಟ್. ಒಂದು ಜಿಬಿಗೆ ಎಂಟೂಮುಕ್ಕಾಲು ಗಂಟೆ, ಅಂದರೆ ಒಂದು ಪೂರ್ತಿ ರಾತ್ರಿ. 2013ರಲ್ಲಿ ಅದನ್ನು 512ಕ್ಕೆ ಏರಿಸಿದರು, ರಾತ್ರಿ ಅರ್ಧವಾಯಿತು. 2023ರಲ್ಲಿ 2 ಮೆಗಾಬಿಟ್ ಎಂದರು. ಒಂದು ಗಂಟೆ ಏಳು ನಿಮಿಷ. ಕಾನೂನಿನ ಕನಿಷ್ಠಕ್ಕೂ ನಮ್ಮ ಮನೆಗಳ ನೂರು ಎಂಬಿಪಿಎಸ್‌ಗೂ ನಡುವೆ ಇಂದಿಗೂ ಐವತ್ತು ಪಟ್ಟು ಅಂತರವಿದೆ. ನಮ್ಮ ಓದುಗರು ಈ ಎರಡು ತುದಿಗಳ ಮಧ್ಯೆ ಎಲ್ಲೆಲ್ಲೋ ಇದ್ದಾರೆ.

ಇಷ್ಟರಲ್ಲಿ ನಿಮ್ಮಲ್ಲಿ ಕೆಲವರಿಗೆ ಅನುಮಾನ ಬಂದಿರಬೇಕು. ನೂರು ಎಂಬಿಪಿಎಸ್‌ಗೆ ದುಡ್ಡು ಕಟ್ಟಿದರೂ ಸೆಕೆಂಡಿಗೆ ಹತ್ತು ಎಂಬಿ ಬರುವುದಿಲ್ಲವಲ್ಲ? ಎಷ್ಟೋ ಸಲ ಬರುವುದಿಲ್ಲ, ನಿಜ. ದಾದರ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಲೋಕಲ್ ಗಾಡಿ ಒಂದೇ ಉಸಿರಿಗೆ ಸಾವಿರಾರು ಜನರನ್ನು ಕಕ್ಕುತ್ತದೆ. ಆದರೆ ರಸ್ತೆಗೆ ಎಷ್ಟು ಬೇಗ ತಲುಪುತ್ತೀರಿ ಎಂಬುದನ್ನು ತೀರ್ಮಾನಿಸುವುದು ಗಾಡಿಯಲ್ಲ, ಸೇತುವೆಯ ಮೆಟ್ಟಿಲು. ಡೌನ್‌ಲೋಡಿನ ಹಾದಿಯಲ್ಲೂ ಅತಿ ಇಕ್ಕಟ್ಟಾದ ಜಾಗ ಯಾವುದೋ ಅದರ ವೇಗವೇ ಇಡೀ ಹಾದಿಯ ವೇಗ. ಆದ್ದರಿಂದ ಲೆಕ್ಕಕ್ಕೆ ಹಾಕಬೇಕಾದ ಸಂಖ್ಯೆ ನೀವು ಕೊಂಡ ಪ್ಲ್ಯಾನಿನದ್ದಲ್ಲ, ಆ ಇಕ್ಕಟ್ಟಿನದ್ದು.

ಅದು ಎಲ್ಲಿದೆ ಎಂದು ಹುಡುಕಲು ಮನೆಯ ಒಳಗಿನಿಂದ ಹೊರಡಬೇಕು. ಮುಂಬೈಯ ಫ್ಲ್ಯಾಟುಗಳಲ್ಲಿ ಮೊದಲ ಗುಮಾನಿ ವೈಫೈ ಮೇಲೆ. 2.4 ಗಿಗಾಹರ್ಟ್ಸ್ ಅಲೆಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಬರೀ ಮೂರು: 1, 6, 11. ನಿಮ್ಮ ಮೊಬೈಲಿನಲ್ಲಿ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳ ಇಪ್ಪತ್ತು ಹೆಸರುಗಳಾದರೂ ಕಾಣುತ್ತವೆ. ಅಷ್ಟೂ ಮನೆಯವರು ಆ ಮೂರರಲ್ಲೇ ಸರದಿ ಕಾಯಬೇಕು. 5 ಗಿಗಾಹರ್ಟ್ಸ್ ಅಲೆಯಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ದೊಡ್ಡ ಫೈಲು ಇಳಿಸುವಾಗ ರೂಟರಿನಿಂದ ಕಂಪ್ಯೂಟರಿಗೆ ಒಂದು ಕೇಬಲ್ ಹಾಕಿಬಿಡಿ. ಕೆಲವು ನೂರು ರೂಪಾಯಿಗೆ ಸಿಗುವ ಅಂಥ ಮದ್ದು ಈ ವಿಷಯದಲ್ಲಿ ಬೇರೊಂದಿಲ್ಲ.

ಮನೆಯ ಹೊರಗೆ ಫೈಬರ್ ಇದೆ. ಅದು ನಿಮ್ಮೊಬ್ಬರದೇ ಎಂದು ತಿಳಿಯಬೇಡಿ. ನಗರಗಳಲ್ಲಿ ವ್ಯಾಪಕವಾಗಿರುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಸೆಕೆಂಡಿಗೆ 2.488 ಗಿಗಾಬಿಟ್ (ಸಾವಿರ ಮೆಗಾಬಿಟ್‌ಗೆ ಒಂದು ಗಿಗಾಬಿಟ್) ಇಳಿದು ಬರುತ್ತದೆ, 1.244 ಗಿಗಾಬಿಟ್ ಏರಿ ಹೋಗುತ್ತದೆ. ಆ ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅರುವತ್ತನಾಲ್ಕು ಮನೆಯವರೂ ಒಂದೇ ಗಳಿಗೆಯಲ್ಲಿ ಪೂರ್ಣ ವೇಗದಲ್ಲಿ ಇಳಿಸತೊಡಗಿದರೆ ತಲಾ 39 ಎಂಬಿಪಿಎಸ್ ಸಿಗುತ್ತದೆ. ಹಾಗೆ ಎಲ್ಲರೂ ಒಟ್ಟಿಗೆ ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಈ ವ್ಯಾಪಾರ ನಿಂತಿದೆ, ಆ ನಂಬಿಕೆ ಬಹುಪಾಲು ನಿಜವೂ ಹೌದು. ಆದರೂ ರಾತ್ರಿ ಒಂಬತ್ತಕ್ಕೆ ಅಳೆದ ವೇಗ, ಬೆಳಗಿನ ಐದಕ್ಕೆ ಅಳೆದ ವೇಗ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಮನೆಯ ಲೆಕ್ಕಕ್ಕೆ ಅವೆರಡೇ ಆಧಾರ.

ಅದರಾಚೆಗೆ ಕಡಲು. ವರ್ಸೋವಾದ ಕಡಲತೀರದಲ್ಲಿ ನಡೆಯುವವರಿಗೆ ಗೊತ್ತಾಗುವುದಿಲ್ಲ, ಆದರೆ ದೇಶದೊಳಕ್ಕೆ ಬರುವ ಸಮುದ್ರದಡಿಯ ಕೇಬಲ್‌ಗಳಲ್ಲಿ ಹಲವು ಅಲ್ಲಿಯೇ ದಡ ಸೇರುತ್ತವೆ. 2008ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಸಮೀಪ ಎರಡು ಕೇಬಲ್‌ಗಳು ತುಂಡಾದಾಗ ಭಾರತದಲ್ಲಿ ಇಂಟರ್ನೆಟ್ ಕುಂಟತೊಡಗಿತು. ಮನೆಯ ಪ್ಲ್ಯಾನ್ ಅದೇ, ರೂಟರ್ ಅದೇ, ಇಕ್ಕಟ್ಟು ಮಾತ್ರ ಸಾವಿರಾರು ಕಿಲೋಮೀಟರ್ ದೂರಕ್ಕೆ ಸರಿದಿತ್ತು. ಈಗ ಜನಪ್ರಿಯ ಫೈಲುಗಳ ನಕಲುಗಳನ್ನು ಊರೊಳಗಿನ ಸರ್ವರ್‌ಗಳಲ್ಲೇ ಇಟ್ಟಿರುತ್ತಾರೆ. 2016ರಲ್ಲಿ ಅಮೆಜಾನ್ ಕೂಡ ತನ್ನ ಕ್ಲೌಡ್ ಕೇಂದ್ರವನ್ನು, ಅಂದರೆ ಬಾಡಿಗೆಗೆ ಕೊಡುವ ಸರ್ವರ್‌ಗಳ ತಾಣವನ್ನು, ಮುಂಬೈಯಲ್ಲಿ ತೆರೆಯಿತು. ಹೀಗಾಗಿ ಸಿನಿಮಾ ಸರಾಗವಾಗಿ ಹರಿಯುತ್ತದೆ, ವಿದೇಶದ ಗ್ರಂಥಾಲಯದಿಂದ ಕೇಳಿದ ಹಳೆಯ ಕನ್ನಡ ಪುಸ್ತಕ ತೆವಳುತ್ತದೆ. ವೇಗ ಪರೀಕ್ಷೆಯ ಆ್ಯಪ್ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುವುದರಿಂದ ಅದು ತೋರಿಸುವುದು ಅತ್ಯುತ್ತಮ ಸ್ಥಿತಿಯನ್ನು. ಪುಸ್ತಕ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದಕ್ಕೆ ಆ ಸಂಖ್ಯೆ ಸಾಕ್ಷಿಯಾಗಲಾರದು.

ದೂರ ಎಂದಾಗ ಇನ್ನೊಂದು ಸಂಗತಿ ಬರುತ್ತದೆ, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಜಾಲ ಕುಸಿದುಬಿತ್ತು. ಎರಡರ ನಡುವೆ ಇದ್ದದ್ದು ನಾನೂರು ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದಲ್ಲಿ 40 ಬಿಟ್ ಸಾಗತೊಡಗಿತು. ಎಂಟುನೂರು ಪಟ್ಟು ಇಳಿತ. ಮೊದಲು ನಾಲ್ಕು ನಿಮಿಷದಲ್ಲಿ ಹೋಗುತ್ತಿದ್ದ ಒಂದು ಎಂಬಿಯ ಫೈಲಿಗೆ ಈಗ ಎರಡು ದಿನ ಏಳು ಗಂಟೆ ಬೇಕು. ನಡೆದುಕೊಂಡು ಹೋದರೆ ಐದು ನಿಮಿಷದ ದಾರಿ ಅದು! ತಂತಿ ಕೆಟ್ಟಿರಲಿಲ್ಲ. ಯಂತ್ರಗಳು ಒಂದರ ಮೇಲೊಂದು ಪ್ಯಾಕೆಟ್ ತುರುಕುತ್ತಿದ್ದವು, ಉತ್ತರ ತಡವಾದರೆ ಅದನ್ನೇ ಮತ್ತೆ ತುರುಕುತ್ತಿದ್ದವು, ಜಾಲದ ತುಂಬ ನಕಲುಗಳೇ ತುಂಬಿಕೊಂಡಿದ್ದವು. ಇದನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಅದರ ತಿರುಳು ಸಂಯಮ. ಮೊದಲು ಸ್ವಲ್ಪ ಕಳಿಸು, ತಲುಪಿತೆಂಬ ಉತ್ತರ ಬಂದರೆ ಎರಡರಷ್ಟು ಕಳಿಸು, ಪ್ಯಾಕೆಟ್ ಕಳೆದುಹೋದರೆ ತಕ್ಷಣ ತಗ್ಗಿಸು. ಇಂದು ನಿಮ್ಮ ಮನೆಯಲ್ಲಿ ನಡೆಯುವ ಬಹುಪಾಲು ಡೌನ್‌ಲೋಡುಗಳು ಆ ನಡವಳಿಕೆಯ ವಂಶದವೇ. ತಾನೊಬ್ಬನೇ ಎಲ್ಲವನ್ನೂ ಬಾಚಿಕೊಳ್ಳದೆ, ಇತರರಿಗೂ ಜಾಗ ಬಿಟ್ಟು ವೇಗ ಹುಡುಕಿಕೊಳ್ಳುವ ಈ ಏರ್ಪಾಡನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಈ ಸಂಯಮದಿಂದ ನಮ್ಮ ಲೆಕ್ಕಕ್ಕೆ ಏನಾಗುತ್ತದೆ? ದೊಡ್ಡ ಫೈಲಿಗೆ ಏನೂ ಆಗುವುದಿಲ್ಲ, ಒಂದೆರಡು ಸೆಕೆಂಡಿನಲ್ಲಿ ಪೂರ್ಣ ವೇಗ ಬಂದುಬಿಡುತ್ತದೆ. ಸಣ್ಣ ಫೈಲಿಗೆ ಲೆಕ್ಕವೇ ಬೇರೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ನ್ಯೂಯಾರ್ಕಿಗೆ ನೇರವಾಗಿ ಅಳೆದರೂ ಹನ್ನೆರಡೂವರೆ ಸಾವಿರ ಕಿಲೋಮೀಟರ್. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಒಂದು ಸುತ್ತಿಗೆ, ಅಂದರೆ ಕೇಳಿ ಉತ್ತರ ಪಡೆಯುವುದಕ್ಕೆ, ಸೆಕೆಂಡಿನ ಐದನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. ಅಲ್ಲಿಂದ 200 ಕೆಬಿಯ (ಸಾವಿರ ಕೆಬಿಗೆ ಒಂದು ಎಂಬಿ) ಒಂದು ಚಿತ್ರ ಬರಬೇಕು. ಗಣಿತದ ಪ್ರಕಾರ ನೂರು ಎಂಬಿಪಿಎಸ್‌ನಲ್ಲಿ ಅದು ಸೆಕೆಂಡಿನ ನೂರರಲ್ಲಿ ಎರಡು ಪಾಲಿಗೂ ಕಡಿಮೆ. ವಾಸ್ತವದಲ್ಲಿ ಪರಿಚಯ ಹೇಳಿಕೊಳ್ಳಲು, ಗುಟ್ಟಿನ ಕೀಲಿ ಹಂಚಿಕೊಳ್ಳಲು ಎರಡು ಸುತ್ತು. ಆಮೇಲೆ ಮೊದಲ ಸುತ್ತಿನಲ್ಲಿ ಹತ್ತು ಪ್ಯಾಕೆಟ್, ನಂತರ ಇಪ್ಪತ್ತು, ನಲವತ್ತು, ಎಂಬತ್ತು. ನಾಲ್ಕನೆಯ ಸುತ್ತಿಗೆ ಚಿತ್ರ ಪೂರ್ತಿಯಾಗುತ್ತದೆ. ಒಟ್ಟು ಆರು ಸುತ್ತು, ಒಂದು ಸೆಕೆಂಡಿನ ಮೇಲೆ ಹೋಯಿತು. ಲೆಕ್ಕಕ್ಕಿಂತ ಎಪ್ಪತ್ತು ಪಟ್ಟು ಹೆಚ್ಚು. ಸಾವಿರ ಎಂಬಿಪಿಎಸ್‌ನ ಪ್ಲ್ಯಾನ್ ಕೊಂಡರೂ ಇದರಲ್ಲಿ ಕೂದಲೆಳೆಯಷ್ಟೂ ಉಳಿತಾಯವಿಲ್ಲ, ಏಕೆಂದರೆ ಇಲ್ಲಿ ಹೊತ್ತು ಹೋದದ್ದು ಓಡಾಟಕ್ಕೆ.

ಆದ್ದರಿಂದ ಸ್ಕ್ಯಾನ್ ಮಾಡಿದ ಐದು ಸಾವಿರ ಪುಟಗಳನ್ನು ಐದು ಸಾವಿರ ಬಿಡಿ ಚಿತ್ರಗಳಾಗಿ ದೂರದ ಸರ್ವರಿನಲ್ಲಿ ಇಡಬೇಡಿ. ಒಂದೊಂದಕ್ಕೆ ಒಂದೇ ಸುತ್ತು ವ್ಯರ್ಥವಾದರೂ, ಒಂದಾದ ಮೇಲೊಂದು ಇಳಿಸುವವರಿಗೆ ಹದಿನೇಳು ನಿಮಿಷ ಬರೀ ಕಾಯುವುದಕ್ಕೇ ಹೋಗುತ್ತದೆ. ಸಂಚಿಕೆಗೆ ಒಂದರಂತೆ ಕಟ್ಟಿ, ಜಿಪ್ ಮಾಡಿ ಇಡಿ.

ಡೌನ್‌ಲೋಡ್ ಆಗುವಾಗ ಎಷ್ಟು ಮುಗಿಯಿತೆಂದು ಪರದೆಯ ಮೇಲೆ ತೋರಿಸುವ ಪಟ್ಟಿಯ ಮಾತು ಬಾರದಿದ್ದರೆ ಈ ಉಪನ್ಯಾಸ ಪೂರ್ತಿಯಾಗದು. ‘ಇನ್ನು 4 ನಿಮಿಷ’ ಎಂದು ತೋರಿಸಿ, ಮರುಗಳಿಗೆಗೆ ‘ಇನ್ನು 20 ನಿಮಿಷ’ ಎನ್ನುವ ಪಟ್ಟಿ. ಕಾಯುವವರಿಗೆ ಇಂಥ ಪಟ್ಟಿ ಇರಬೇಕೆಂದೇ ಇಷ್ಟ ಎಂಬುದನ್ನು ಕಂಪ್ಯೂಟರ್ ಸಂಶೋಧಕ ಬ್ರಾಡ್ ಮೈಯರ್ಸ್ 1985ರಲ್ಲೇ ತೋರಿಸಿದ್ದರು. ಅದು ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಗೊತ್ತಿರುವುದು ಕಳೆದ ಕೆಲವು ಸೆಕೆಂಡುಗಳ ವೇಗ ಮಾತ್ರ. ಉಳಿದ ಎಂಬಿಯನ್ನು ಆ ವೇಗದಿಂದ ಭಾಗಿಸಿ ಹೇಳುತ್ತದೆ. ವೇಗ ಬದಲಾದರೆ ಉತ್ತರವೂ ಬದಲಾಗುತ್ತದೆ. ಇಲ್ಲಿ ಸರಾಸರಿಯ ವಿಷಯದಲ್ಲಿ ಬುದ್ಧಿವಂತರೂ ಎಡವುತ್ತಾರೆ. ಸಾವಿರ ಎಂಬಿಯ ಫೈಲಿನ ಮೊದಲ ಅರ್ಧ ಸೆಕೆಂಡಿಗೆ ಹತ್ತು ಎಂಬಿಯಂತೆ ಬಂತು, ಉಳಿದರ್ಧ ಎರಡು ಎಂಬಿಯಂತೆ ಬಂತು. ಸರಾಸರಿ ಆರು ಎನ್ನಬೇಡಿ. ಮೊದಲರ್ಧಕ್ಕೆ 50 ಸೆಕೆಂಡು, ಎರಡನೆಯದಕ್ಕೆ 250. ಒಟ್ಟು 300 ಸೆಕೆಂಡಿಗೆ ಸಾವಿರ ಎಂಬಿ, ಅಂದರೆ ಸೆಕೆಂಡಿಗೆ ಮೂರೂ ಚಿಲ್ಲರೆ. ನಿಧಾನದ ಹೊತ್ತು ಯಾವಾಗಲೂ ಹೆಚ್ಚು ತೂಗುತ್ತದೆ. ಅಂದಾಜು ಹಾಕುವಾಗ ನಿಮ್ಮ ಸಂಪರ್ಕದ ಉತ್ತಮ ಗಳಿಗೆಯನ್ನಲ್ಲ, ಕಳಪೆ ಗಳಿಗೆಯನ್ನೇ ಹಿಡಿಯಿರಿ.

ಈಗ ನಮ್ಮ ಕೆಲಸದ ಒಂದು ಪುಟವನ್ನು ಕೈಗೆತ್ತಿಕೊಂಡು ನೋಡೋಣ. ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ ಚುಕ್ಕೆಗಳು. ಬಣ್ಣದಲ್ಲಾದರೆ ಚುಕ್ಕೆಗೆ ಮೂರು ಬೈಟು, ಪುಟಕ್ಕೆ 26 ಎಂಬಿ. ಚಿತ್ರವನ್ನು ಒತ್ತಿ ಚಿಕ್ಕದಾಗಿಸುವ ಜೆಪೆಗ್ ವಿಧಾನ ಅದನ್ನು ಎರಡು ಎಂಬಿಗೆ ಇಳಿಸಿತು ಎನ್ನಿ; 64 ಪುಟದ ಸಂಚಿಕೆ 128 ಎಂಬಿ. ಅದೇ ಪುಟವನ್ನು ಕಪ್ಪುಬಿಳುಪಿನಲ್ಲಿ ತೆಗೆದರೆ ಚುಕ್ಕೆಗೆ ಒಂದೇ ಬಿಟ್. ಒತ್ತಿ ಕಟ್ಟುವ ಮೊದಲೇ ಪುಟಕ್ಕೆ ಒಂದು ಎಂಬಿಗಿಂತ ಸ್ವಲ್ಪ ಹೆಚ್ಚು. ಕಟ್ಟಿದ ಮೇಲೆ ನೂರು ಕೆಬಿ ಎನ್ನೋಣ. ಇಡೀ ಸಂಚಿಕೆ 6.4 ಎಂಬಿ.

ನಮ್ಮ ಮನೆಯ ಫೈಬರಿನಲ್ಲಿ ಮೊದಲನೆಯದು ಹದಿಮೂರು ಸೆಕೆಂಡು, ಎರಡನೆಯದು ಒಂದು ಸೆಕೆಂಡಿಗಿಂತ ಕಡಿಮೆ. ಯಾರು ಲೆಕ್ಕಕ್ಕಿಟ್ಟಾರು? ಆದರೆ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಬದುಕುವವರ ಕಡೆಯಿಂದ ನೋಡಿ. ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಕೋಣೆಯಲ್ಲಿ ಓದಲು ಕೂರುವ ಹುಡುಗ ಎಂದೇ ಇಟ್ಟುಕೊಳ್ಳಿ. ಈ ಊರಿನ ಕನ್ನಡ ರಾತ್ರಿ ಶಾಲೆಗಳನ್ನು ತುಂಬಿದವರು ಇಂಥವರೇ. ಆ ಹೊತ್ತಿಗೆ ಅವನ ದಿನದ ಪಾಲು ಖರ್ಚಾಗಿ ವೇಗ 64 ಕಿಲೋಬಿಟ್ಟಿಗೆ ಇಳಿದಿರುತ್ತದೆ. ಹತ್ತರಿಂದ ಭಾಗಿಸಿ: ಸೆಕೆಂಡಿಗೆ 6.4 ಕೆಬಿ. ಬಣ್ಣದ ಸಂಚಿಕೆಗೆ ಇಪ್ಪತ್ತು ಸಾವಿರ ಸೆಕೆಂಡು, ಐದೂವರೆ ಗಂಟೆ. ಬೆಳಗಾಗುವುದರೊಳಗೆ ಬಂದರೆ ಪುಣ್ಯ. ಕಪ್ಪುಬಿಳುಪಿನದು ಸಾವಿರ ಸೆಕೆಂಡು. ಅವನು ಊಟ ಮುಗಿಸುವಷ್ಟರಲ್ಲಿ ಸಂಚಿಕೆ ಕೈಯಲ್ಲಿರುತ್ತದೆ. ಸಂರಕ್ಷಣೆಗೆ ಬಣ್ಣದ ದೊಡ್ಡ ಪ್ರತಿ ಇರಲಿ, ಅದರಲ್ಲಿ ರಾಜಿ ಬೇಡ. ಆದರೆ ಓದುಗರಿಗಾಗಿ ಹಗುರವಾದ ಪ್ರತಿಯೊಂದನ್ನು ಪಕ್ಕದಲ್ಲೇ ಇಡದೆ ಯಾವ ಸಂಚಿಕೆಯನ್ನೂ ಹೊರಗೆ ಬಿಡಬಾರದು, ಮತ್ತು ಪ್ರತಿ ಕೊಂಡಿಯ ಎದುರು ಫೈಲಿನ ಗಾತ್ರವನ್ನು ಎಂಬಿಯಲ್ಲಿ ಬರೆಯಬೇಕು. ಈ ಎರಡನ್ನು ನಾವು ಇವತ್ತೇ ನಿಯಮ ಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಯಕ್ಷಗಾನದ ಹುಚ್ಚಿರುವ ಹಿರಿಯರೊಬ್ಬರು ಕೇಳಿದರು: ‘ಊರಿನಲ್ಲಿ ಇಡೀ ರಾತ್ರಿಯ ಆಟವನ್ನು ಅಳಿಯ ರೆಕಾರ್ಡ್ ಮಾಡಿದ್ದಾನೆ. ನನಗೆ ಕಳಿಸಲು ಅವನಿಗೆ ಎಷ್ಟು ಹೊತ್ತು ಬೇಕು?’ ವಿಡಿಯೊಗೆ ಒಂದು ಸುಲಭದ ದಾರಿ ಇದೆ ರಾಯರೇ. ಅದು ಸೆಕೆಂಡಿಗೆ ಎಷ್ಟು ಬಿಟ್ಟಿನಂತೆ ದಾಖಲಾಗಿದೆ ಎಂದು ನೋಡಿ. ಎಂಟು ಮೆಗಾಬಿಟ್ ಇದ್ದು, ಸಂಪರ್ಕವೂ ಎಂಟೇ ಇದ್ದರೆ, ಎಂಟು ಗಂಟೆಯ ಆಟ ಬರಲು ಎಂಟು ಗಂಟೆಯೇ ಬೇಕು. ಸಂಪರ್ಕ ಎಷ್ಟು ಪಟ್ಟು ಹೆಚ್ಚೋ ಹೊತ್ತು ಅಷ್ಟು ಪಾಲು ಕಡಿಮೆ. ನಿಮ್ಮ ಆಟದ ಗಾತ್ರ ಸುಮಾರು 28.8 ಜಿಬಿ. ಇಲ್ಲಿ ಅಳಿಯಂದಿರ ಅಪ್‌ಲೋಡ್ ವೇಗವೇ ಇಕ್ಕಟ್ಟು, ನಿಮ್ಮ ಮನೆಯ ಡೌನ್‌ಲೋಡ್ ಅಲ್ಲ. ನಮ್ಮ ಹತ್ತರ ಭಾಗಾಕಾರದಲ್ಲಿ ಹೇಳುವುದಾದರೆ, ಅವರಿಗೆ ನಲವತ್ತು ಎಂಬಿಪಿಎಸ್ ಏರಿಸುವ ಫೈಬರ್ ಇದ್ದರೆ ಎರಡು ಗಂಟೆ. ಮೊಬೈಲಿನಿಂದ, ಐದು ಎಂಬಿಪಿಎಸ್ ಏರುತ್ತಿದ್ದರೆ, ಹದಿನಾರು ಗಂಟೆ. ಚೌಕಿಪೂಜೆಯಿಂದ ಮಂಗಳದವರೆಗೆ ಆಟವನ್ನು ಎರಡು ಸಲ ನೋಡಿ ಮುಗಿಸಬಹುದಾದಷ್ಟು. ಪ್ರಸಂಗವನ್ನು ಗಂಟೆಗೊಂದರಂತೆ ಎಂಟು ತುಂಡು ಮಾಡಿ ಕಳಿಸಲು ಹೇಳಿ. ಒಂದು ಕಡಿದುಹೋದರೂ ಉಳಿದವು ಉಳಿಯುತ್ತವೆ, ಮೊದಲ ತುಂಡು ಬಂದೊಡನೆ ನೀವು ನೋಡಲು ಕೂರಬಹುದು.

ಎರಡನೆಯ ಪ್ರಶ್ನೆ ನಮ್ಮ ತಂಡದ ತಂಗಿಯೊಬ್ಬರದು. ಎರಡು ಟಿಬಿ ಧ್ವನಿಮುದ್ರಣಗಳನ್ನು ಪುಣೆಯ ಗೆಳೆಯರಿಗೆ ತಲುಪಿಸಬೇಕು, ಯಾವ ಪ್ಲ್ಯಾನ್ ಕೊಂಡರೆ ಒಳ್ಳೆಯದು? ಲೆಕ್ಕ ಹಾಕೋಣ. ಎರಡೂ ಕಡೆ ನೂರು ಎಂಬಿಪಿಎಸ್ ಸರಾಗವಾಗಿ ಸಿಕ್ಕರೂ ಎರಡು ಲಕ್ಷ ಸೆಕೆಂಡು, ಐವತ್ತೈದು ಗಂಟೆಯ ಮೇಲೆ. ಇಲ್ಲಿನ ಅಪ್‌ಲೋಡ್ ನಲವತ್ತೇ ಆದರೆ ಸುಮಾರು ಆರು ದಿನ. ಈಗ ಡೆಕ್ಕನ್ ಕ್ವೀನ್ ನೋಡಿ. 1930ರಿಂದ ಈ ಎರಡು ಊರುಗಳ ನಡುವೆ ಓಡುತ್ತಿರುವ ಆ ಗಾಡಿ ಸಂಜೆ ಐದು ದಾಟಿದ ಮೇಲೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ ಬಿಟ್ಟು, ಮೂರೂಕಾಲು ಗಂಟೆಯ ಆಸುಪಾಸಿನಲ್ಲಿ ಪುಣೆ ಸೇರುತ್ತದೆ. ಚೀಲದಲ್ಲಿ ಎರಡು ಟಿಬಿಯ ಹಾರ್ಡ್‌ಡಿಸ್ಕ್ ಇದ್ದರೆ, ಆ ಪ್ರಯಾಣದ ವೇಗ ಸೆಕೆಂಡಿಗೆ 1.3 ಗಿಗಾಬಿಟ್ಟಿಗೂ ಹೆಚ್ಚು. ನಮ್ಮ ಯಾರ ಮನೆಯಲ್ಲೂ ಅಷ್ಟು ವೇಗದ ಸಂಪರ್ಕವಿಲ್ಲ.

ಆದರೆ ಇಲ್ಲೂ ಇಕ್ಕಟ್ಟಿನ ಜಾಗವಿದೆ, ಅದು ಗಾಡಿಯಲ್ಲಿಲ್ಲ, ಡಿಸ್ಕಿನಲ್ಲಿದೆ. ತಿರುಗುವ ಹಾರ್ಡ್‌ಡಿಸ್ಕಿಗೆ ಸೆಕೆಂಡಿಗೆ ನೂರು ಎಂಬಿಯಂತೆ ಬರೆಯಲು ಎರಡು ಟಿಬಿಗೆ ಐದೂವರೆ ಗಂಟೆ ಹಿಡಿಯುತ್ತದೆ. ಅಲ್ಲಿ ಮತ್ತೆ ನಕಲು ಮಾಡಿದರೆ ಇನ್ನೊಂದು ಐದೂವರೆ. ಆದ್ದರಿಂದ ನಕಲನ್ನು ಇಲ್ಲಿ ಒಮ್ಮೆ ಮಾಡಿ, ಆ ಡಿಸ್ಕನ್ನೇ ಅವರಿಗೆ ಬಿಟ್ಟುಬನ್ನಿ. ಬೆಳಗ್ಗೆ ಒಂಬತ್ತಕ್ಕೆ ನಕಲು ಹಚ್ಚಿದರೆ ಮಧ್ಯಾಹ್ನ ಎರಡೂವರೆಗೆ ಮುಗಿಯುತ್ತದೆ. ನಾಲ್ಕಾರು ಫೈಲುಗಳನ್ನು ತೆರೆದು ಕೇಳಿ ನೋಡಲು, ಸಿಎಸ್‌ಎಂಟಿಗೆ ಹೋಗಿ ಸೇರಲು ಸಾಕಷ್ಟು ಹೊತ್ತಿದೆ. ಪುಣೆಯವರು ಎಲ್ಲವನ್ನೂ ತೆರೆದು ನೋಡಿ ಸರಿಯಿದೆ ಎಂದು ಹೇಳುವವರೆಗೆ ಇಲ್ಲಿನ ಮೂಲ ಪ್ರತಿಯನ್ನು ಮುಟ್ಟಬೇಡಿ.